ಎಂಟಿಐ ಎಂಬ ಮೂರಕ್ಷರ

ಶುಕ್ರವಾರ ನಮ್ಮ ಕಚೇರಿಯಲ್ಲಿ ನಡೆದದ್ದನ್ನು ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡು ನೋಡಿದೆ. ಸಿಟ್ಟು ಇಳಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮಧ್ಯಾಹ್ನ ಎರಡು ಗಂಟೆಗೆ ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಗ್ರಾಹಕ ಸಂಸ್ಥೆಯ ಹಿರಿಯರೊಬ್ಬರು ಕರೆಯಲ್ಲಿ 40 ನಿಮಿಷ ಮಾತನಾಡಿದರು. ಅವರದು ಟೈನ್ ನದಿಯ ದಂಡೆಯ ಜನ ಆಡುವ, 'ಜಾರ್ಡಿ' ಎಂದು ಹೆಸರಾದ ಇಂಗ್ಲಿಷ್. ಅದರ ಸ್ವರಗಳು ಬೇರೆ, ಏರಿಳಿತ ಬೇರೆ. ಮಗುವಿಗೆ 'ಬೇರ್ನ್' ಎನ್ನುವ, ಹೋಗುವುದಕ್ಕೆ 'ಗ್ಯಾನ್' ಎನ್ನುವ ಪದಸಂಪತ್ತೂ ಆ ಸೀಮೆಯದೇ. ಕೂತಿದ್ದ 9 ಜನರಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಅರ್ಥವಾಗಲಿಲ್ಲ. ಕರೆ ಮುಗಿದ ಮೇಲೆ ಅದರ ಧ್ವನಿಮುದ್ರಣವನ್ನು ಎರಡು ಸಲ ಹಾಕಿ ಕೇಳಿ, ಒಬ್ಬರಿಗೊಬ್ಬರು ಕೂಡಿಸಿಕೊಂಡು ಟಿಪ್ಪಣಿ ಮಾಡಿಕೊಂಡೆವು. ಅವರ ಮಾತುಗಾರಿಕೆ ಸರಿಯಿಲ್ಲ ಎಂದು ಒಬ್ಬರೂ ಹೇಳಲಿಲ್ಲ. "ಎಷ್ಟು ಚೆನ್ನಾಗಿದೆ ಅಲ್ವಾ ಅವರ ಆಕ್ಸೆಂಟ್, ನಾವೇ ಇನ್ನೂ ಸ್ವಲ್ಪ ಕಿವಿ ಪಳಗಿಸಿಕೊಳ್ಳಬೇಕು" ಎಂದರು.

ನಾಲ್ಕು ಗಂಟೆಗೆ ಸಂದರ್ಶನ. ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಬಂದ ಯುವಕ, ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವನು. ದತ್ತಾಂಶ ಕೋಶದಲ್ಲಿ, ಅಂದರೆ ಡೇಟಾಬೇಸಿನಲ್ಲಿ, ಒಂದು ಹುಡುಕಾಟ ಏಕೆ ನಿಧಾನವಾಗುತ್ತದೆ, ಎರಡು ವಹಿವಾಟುಗಳು ಒಂದರ ಬೀಗಕ್ಕಾಗಿ ಇನ್ನೊಂದು ಕಾಯುತ್ತ ಕೂತಾಗ ಏನಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ. 'ಇಸ್ಟೋರೇಜ್' ಎಂದ, 'ಸರ್ವರು' ಎಂದ, 'ವೋಪನ್' ಎಂದ. ಅವನು ಹೊರಗೆ ಹೋದ ಮೇಲೆ ಮೌಲ್ಯಮಾಪನದ ಹಾಳೆಯಲ್ಲಿ 'ಕಮ್ಯೂನಿಕೇಷನ್' ಎಂಬ ಅಂಕಣಕ್ಕೆ ನನ್ನ ಇಬ್ಬರು ಸಹೋದ್ಯೋಗಿಗಳು ಐದಕ್ಕೆ ಎರಡು ಅಂಕ ಕೊಟ್ಟು, ಪಕ್ಕದಲ್ಲಿ ಕಾರಣ ಬರೆದರು: 'ಹೆವಿ ಎಂಟಿಐ'. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಒಬ್ಬರು 'ಇಸ್ಟೋರೇಜ್' ಎಂದು ರಾಗವೆಳೆದು ತೋರಿಸಿದರು, ನಾಲ್ಕು ಜನ ನಕ್ಕರು. ರಾಗವೆಳೆದವರೂ ನಕ್ಕವರೂ ಕನ್ನಡಿಗರೇ ಎಂಬುದು ನನ್ನನ್ನು ಹೆಚ್ಚು ನೋಯಿಸಿದ ಸಂಗತಿ.

ನಮ್ಮ ಐಟಿ ಉದ್ಯಮದಲ್ಲಿ ಇಲ್ಲದವರಿಗಾಗಿ ಹೇಳುತ್ತೇನೆ. ಎಂಟಿಐ ಎಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಮಾತೃಭಾಷೆಯ ಪ್ರಭಾವ. ಕಾಲ್ ಸೆಂಟರುಗಳ ತರಬೇತಿ ಕೊಠಡಿಗಳಲ್ಲಿ ಬಳಕೆಯಾಗಿ, ಇಂದು ಬೆಂಗಳೂರಿನ ಎಷ್ಟೋ ಸಂದರ್ಶನಗಳಲ್ಲಿ ದೋಷದ ಹೆಸರಾಗಿ ನಿಂತಿರುವ ಪದ ಇದು. ನಾಲಿಗೆಯ ಮೇಲೆ ತಾಯಿಯ ಗುರುತು ಉಳಿದಿದ್ದರೆ ಅದನ್ನು ತೊಳೆದು ಬರಬೇಕೆಂದು ಇದರ ಅರ್ಥ. ನ್ಯೂಕಾಸಲ್‌ನ ಹಿರಿಯರ ಮಾತಿನಲ್ಲಿದ್ದದ್ದು ಏನು? ಅವರ ತಾಯಿಯ, ಅವರ ಬೀದಿಯ ಪ್ರಭಾವವೇ ಅಲ್ಲವೇ? ಅದಕ್ಕೆ ಅಂಕ ಕಡಿಮೆ ಮಾಡುವ ಹಾಳೆಯನ್ನು ನಾವು ಮುದ್ರಿಸಿಲ್ಲ.

ಆ ಯುವಕನ ತಪ್ಪುಗಳೆನ್ನುವವು ಯಾವುವು ಎಂದು ಸ್ವಲ್ಪ ನೋಡಿ. ಹಳಗನ್ನಡದಲ್ಲಿ ಕಣ್, ನೀರ್, ಮಗಳ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಮಾತುಗಳಿಗೆ ನಾವೇ ಉಕಾರ ಸೇರಿಸಿ ಕಣ್ಣು, ನೀರು, ಮಗಳು ಮಾಡಿಕೊಂಡೆವು. ಅದೇ ನಿಯಮ ಬಸ್ಸನ್ನು 'ಬಸ್ಸು' ಮಾಡಿತು, ಸರ್ವರನ್ನು 'ಸರ್ವರು' ಮಾಡಿತು. 'ಒಂದು' ಎಂಬುದನ್ನು 'ವೊಂದು' ಎಂದು ನುಡಿಯುವ ನಾಲಿಗೆ 'ಓಪನ್' ಎಂಬುದನ್ನು 'ವೋಪನ್' ಎನ್ನುತ್ತದೆ. ಇನ್ನು ಸಕಾರದ ಒತ್ತಕ್ಷರದ ಮುಂದೆ ಸ್ವರ ಸೇರಿಸುವುದು ಲ್ಯಾಟಿನ್ನಿನ 'ಸ್ಕೋಲಾ' ಎಂಬುದನ್ನು 'ಎಸ್ಕುಯೇಲಾ' ಮಾಡಿಕೊಂಡ ಸ್ಪ್ಯಾನಿಷ್ ಜನರೂ ಮಾಡಿದ ಕೆಲಸ. ಅವರು ಇಂಗ್ಲಿಷ್ ಮಾತನಾಡುವಾಗಲೂ ಆ ಸ್ವರ ಇಣುಕುತ್ತದೆ, ಅದನ್ನು ಕೇಳಿ ನಮ್ಮವರು ಮುಗುಳ್ನಗುತ್ತಾರೆ. ನಮ್ಮ ಹಳ್ಳಿಯವರು 'ಇಸ್ಕೂಲು' ಎಂದರೆ ಮಾತ್ರ ಅನಾಗರಿಕತೆ.

ಕಿವಿ ಕೇಳುವುದು ಧ್ವನಿಯನ್ನಷ್ಟೇ ಅಲ್ಲ ಎಂಬುದಕ್ಕೆ ಒಂದು ಪ್ರಯೋಗ ನೆನಪಾಗುತ್ತದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಇಂಗ್ಲಿಷೇ ಮಾತೃಭಾಷೆಯಾದ ಅಮೆರಿಕದ ಒಬ್ಬ ಮಹಿಳೆಯ ಧ್ವನಿಯಲ್ಲಿ ಮುದ್ರಿಸಿದ ಒಂದೇ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರ ತೋರಿಸಿದರು, ಉಳಿದವರಿಗೆ ಏಷ್ಯಾದ ಮಹಿಳೆಯ ಚಿತ್ರ. ಏಷ್ಯಾದ ಮುಖ ಕಂಡವರಿಗೆ ಇಲ್ಲದ ಪರದೇಶಿ ಉಚ್ಚಾರಣೆ ಕೇಳಿಸಿತು, ಪಾಠವೂ ಅವರಿಗೆ ಕಡಿಮೆ ತಲೆಗೆ ಹತ್ತಿತು. ಸಂದರ್ಶನದ ಕೊಠಡಿಯಲ್ಲಿ ಸಿಂಧನೂರು ಎಂಬ ಹೆಸರು ಅರ್ಜಿಯಲ್ಲಿ ಕಂಡ ಕ್ಷಣದಿಂದ ನಮ್ಮವರ ಕಿವಿಗಳಿಗೆ ಏನಾಗಿತ್ತು ಎಂದು ನಾನು ಆಗಿನಿಂದ ಯೋಚಿಸುತ್ತಿದ್ದೇನೆ.

"ಹಾಗಾದರೆ ಅರ್ಥವಾಗದಿದ್ದರೂ ಪರವಾಗಿಲ್ಲವೇ, ಗ್ರಾಹಕರ ಜೊತೆ ಮಾತನಾಡುವವರು ಯಾರು?" ಎಂದು ನನ್ನ ಸಹೋದ್ಯೋಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಒತ್ತು ತಪ್ಪಾದ ಅಕ್ಷರದ ಮೇಲೆ ಬಿದ್ದರೆ, ವಾಕ್ಯವನ್ನು ಒಂದೇ ಉಸಿರಿನಲ್ಲಿ ಓಡಿಸಿದರೆ, ಎದುರಿನವರಿಗೆ ಕಷ್ಟವಾಗುತ್ತದೆ. ಅದನ್ನು ಕಲಿಸಬಹುದು, ಕೆಲವು ವಾರಗಳಲ್ಲಿ ಕಲಿಯಲೂಬಹುದು. ಆದರೆ ಆ ಅಂಕಣದಲ್ಲಿ ಒತ್ತಿನ ಮಾತು ಇರಲಿಲ್ಲ, ವೇಗದ ಮಾತು ಇರಲಿಲ್ಲ, ಯಾವ ವಾಕ್ಯ ಅರ್ಥವಾಗಲಿಲ್ಲ ಎಂಬ ಮಾತೂ ಇರಲಿಲ್ಲ. ಸ್ಪಷ್ಟತೆಯೇ ಅಳತೆಗೋಲಾಗಿದ್ದರೆ ಅಂದು ಎರಡು ಅಂಕ ಬೀಳಬೇಕಾದದ್ದು ಮಧ್ಯಾಹ್ನದ ಕರೆಗೆ.

ಇಂಗ್ಲೆಂಡಿನವರೇ ಈ ರೋಗದಿಂದ ಪಾರಾದವರಲ್ಲ. ಮಾತನಾಡುವ ಇಂಗ್ಲಿಷಿನ ಬಗ್ಗೆ ಸಲಹೆ ನೀಡಲು ಬಿಬಿಸಿ 1926ರಲ್ಲೇ ಒಂದು ಸಮಿತಿ ಮಾಡಿತ್ತು. 1941ರಲ್ಲಿ, ಯುದ್ಧದ ನಡುವೆ, ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಊರಿನ ಧಾಟಿಯಲ್ಲಿ ವಾರ್ತೆ ಓದಿದಾಗ ಕೇಳುಗರಲ್ಲಿ ಹಲವರು ಆಕ್ಷೇಪಿಸಿದರು. ಬರ್ಮಿಂಗ್‌ಹ್ಯಾಮಿನ ಉಚ್ಚಾರಣೆಯವರನ್ನು ಮಂದಬುದ್ಧಿಯವರೆಂದು ಎಣಿಸುವ ಚಾಳಿ ಅಲ್ಲಿ ಇಂದಿಗೂ ಇದೆ. ಆದರೂ ಆ ಊರುಗಳ ಜನ ತಮ್ಮ ಮಾತನ್ನು ಬಿಡಲಿಲ್ಲ. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮಾಡಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬೇಸಿಗೆಯಲ್ಲಿ ಹೊರಗಿನ ಪ್ರವಾಸಿಗರು ತುಂಬಿಹೋಗುತ್ತಿದ್ದ ಆ ನೆಲದಲ್ಲಿ, ದ್ವೀಪವನ್ನು ಪ್ರೀತಿಸಿ ಅಲ್ಲೇ ಉಳಿಯಬೇಕೆಂದಿದ್ದವರ ಬಾಯಲ್ಲೇ ಹಳೆಯ ಸ್ಥಳೀಯ ಸ್ವರಗಳು ಹೆಚ್ಚು ಗಾಢವಾಗಿದ್ದವು. ನೆಲದ ಮೇಲಿನ ಅಭಿಮಾನ ಸ್ವರದಲ್ಲಿ ಕಾಣಿಸಿಕೊಂಡಿತ್ತು.

ನಮ್ಮ ಬೆಂಗಳೂರಿನಲ್ಲಿ ಅಂಥ ಅಭಿಮಾನವೇ ಇಲ್ಲವೆಂದಲ್ಲ. ಹಳೆಯ ಪೇಟೆ ಮತ್ತು ಬ್ರಿಟಿಷರ ದಂಡು (ಕಂಟೋನ್ಮೆಂಟ್) ಎರಡೂ 1949ರಲ್ಲಿ ಒಂದೇ ನಗರಪಾಲಿಕೆಯಾದವು. ದಂಡಿನ ಹಳೆಯ ಮನೆತನಗಳವರು ತಮ್ಮ ಇಂಗ್ಲಿಷಿನ ವಿಶಿಷ್ಟ ಧಾಟಿಯ ಬಗ್ಗೆ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಅದು ಸರಿಯೂ ಹೌದು. ಚಿಕ್ಕಪೇಟೆಯ, ಸಿಂಧನೂರಿನ, ಮದ್ದೂರಿನ ಧಾಟಿಗೆ ಆ ಹಕ್ಕು ಏಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಮದ್ದೂರು ಎಂದೆ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಅಲ್ಲಿಯ ಹಳ್ಳಿಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಪಾಲ್ ಎಂಬ ಹಳಗನ್ನಡದ ಮಾತು ಹಾಲು ಆಯಿತು, ನಮ್ಮ ಬಾಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಆಲು' ಆಯಿತು. ಲಂಡನ್ನಿನ ಶ್ರಮಿಕರ ಕಾಕ್ನಿಯಲ್ಲೂ ಹಕಾರ ಹಾಗೆಯೇ ಬೀಳುತ್ತದೆ. ಇದೆಲ್ಲ ಆಗ ನನಗೆ ತಿಳಿದಿರಲಿಲ್ಲ. ಪಿಯುಸಿಗೆ ಜಯನಗರದ ಹಾಸ್ಟೆಲ್ ಸೇರಿದಾಗ ಅವ್ವ ಬಂದು, ನನ್ನ ಗೆಳತಿಯರೆಲ್ಲ ನಿಂತಿದ್ದ ಕಡೆ, "ಆಸ್ಟ್ಲು ಫೀಜು ಇವತ್ತೇ ಕಟ್ಬೇಕಾ ಮೇಡಮ್ಮೋರೆ?" ಎಂದು ವಾರ್ಡನ್‌ರನ್ನು ಕೇಳಿದಳು. ನಾನು ಎಲ್ಲರಿಗೂ ಕೇಳುವಂತೆ, "ಹಾಸ್ಟೆಲ್ ಅನ್ನವ್ವ, ಹಾಸ್ಟೆಲ್" ಎಂದೆ. ಅವ್ವ ಮತ್ತೆ ಆ ಪದವನ್ನು ಹೇಳಲಿಲ್ಲ. ಎರಡು ವರ್ಷ ಫೋನು ಮಾಡಿದಾಗಲೆಲ್ಲ "ಅಲ್ಲಿ ಊಟ ಸರ್ಯಾಗದಾ" ಎಂದು ಕೇಳುತ್ತಿದ್ದಳು, ಎಲ್ಲಿ ಎಂದು ಹೆಸರು ಹೇಳುತ್ತಿರಲಿಲ್ಲ. ಅಂದು ನಾನು ಅವಳಿಗೆ ಕೊಟ್ಟದ್ದೂ ಐದಕ್ಕೆ ಎರಡು ಅಂಕವೇ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕ್ಯಾಂಟೀನಿನಲ್ಲಿ ನಕ್ಕವರ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದು.

ಆ ಹಾಳೆಯಲ್ಲಿ ನಾನು ನಾಲ್ಕು ಅಂಕ ಕೊಟ್ಟಿದ್ದೆ. ಶನಿವಾರ ಮಾನವ ಸಂಪನ್ಮೂಲ ವಿಭಾಗದಿಂದ ಮೇಲ್ ಬಂದಿದೆ: ಒಂದೇ ಅಭ್ಯರ್ಥಿಗೆ ಎರಡು ಮತ್ತು ನಾಲ್ಕು, ಇಷ್ಟು ಅಂತರ ಏಕೆ, ಸೋಮವಾರದೊಳಗೆ ವಿವರಣೆ ಕೊಡಿ. ಈಗಷ್ಟೇ ಉತ್ತರ ಬರೆದು ಮುಗಿಸಿದೆ. ಬೋರ್ಡಿನ ಮೇಲೆ ಅವನು ಬರೆದದ್ದರ ಫೋಟೋ ಸೇರಿಸಿದ್ದೇನೆ, ಪ್ರತಿ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ನನ್ನ ಟಿಪ್ಪಣಿಯಿಂದ ಬೆರಳಚ್ಚಿಸಿ ಸೇರಿಸಿದ್ದೇನೆ. ಒಂದು ಗಂಟೆಯ ಆ ಮಾತುಕತೆಯಲ್ಲಿ 'ದಯವಿಟ್ಟು ಮತ್ತೊಮ್ಮೆ ಹೇಳಿ' ಎಂಬ ಮಾತು ಬಂದದ್ದು ಒಂದೇ ಸಲ. ಹೇಳಿದವನು ಅವನು, ನಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಅವನಿಗೆ ಅರ್ಥವಾಗಿರಲಿಲ್ಲ. ಅದನ್ನೂ ಬರೆದಿದ್ದೇನೆ.