ಗತಿ ಕಾಣಿಸುವವರು

ನಮ್ಮ ಮಾವನವರಿಗೆ ಪೇಸ್‌ಮೇಕರ್ ಹಾಕಬೇಕು ಎಂದು ಡಾಕ್ಟರು ಹೇಳಿದ ಸಂಜೆ, ಹೆಂಡತಿಯ ಚಿಕ್ಕಮ್ಮ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ: "ಪೀಸ್ ಪೀಸ್ ಮಾಡ್ತಾರಾ? ಎದೆನಾ?"

"ಪೀಸ್ ಅಲ್ಲ ಚಿಕ್ಕಮ್ಮ, ಪೇಸ್. ಪೇಸ್ ಅಂದ್ರೆ ವೇಗ."

"ಈ ವಯಸ್ಸಲ್ಲಿ ಭಾವನಿಗೆ ವೇಗ ಯಾಕಪ್ಪಾ?"

ಕನ್ನಡದಲ್ಲೇ ಹೇಳಿಬಿಟ್ಟರೆ ಸಲೀಸಾದೀತು ಅಂದುಕೊಂಡೆ. ನನ್ನ ಮೊದಲ ತಪ್ಪು ಅದೇ. ಪೇಸ್ ಅಂದರೆ ಗತಿ. ಆದ್ದರಿಂದ ಪೇಸ್‌ಮೇಕರ್ ಅಂದರೆ ಎದೆಬಡಿತಕ್ಕೆ ಒಂದು ಗತಿ ಕಾಣಿಸುವ ಯಂತ್ರ. ಬಾಯಿಂದ ಮಾತು ಜಾರಿದ ಮೇಲೆ ಆ ಕಡೆಯ ಮೌನ ನನಗೆ ಕೇಳಿಸಿತು. ನಮ್ಮಲ್ಲಿ ಯಾರಿಗಾದರೂ ಗತಿ ಕಾಣಿಸುವುದು ಅವರು ಗತಿಸಿದ ಮೇಲೆ ತಾನೆ? ತಿದ್ದಿಕೊಳ್ಳುವ ಆತುರದಲ್ಲಿ "ಅಂದ್ರೆ, ಎದೆಯ ಲಯ ತಪ್ಪಿದೆ, ಲಯ ಮಾಡೋಕೆ..." ಎಂದೆ. ಸೃಷ್ಟಿ, ಸ್ಥಿತಿ ಎರಡೂ ಮುಗಿದು ನೇರ ಲಯಕ್ಕೇ ಬಂದಿದ್ದೆ. ಚಿಕ್ಕಮ್ಮ ಬಿಕ್ಕುತ್ತಾ ಫೋನಿಟ್ಟರು. ಹೃದಯ ಬಡಿಯುವಂತೆ ಮಾಡುವ ಯಂತ್ರಕ್ಕೆ ಕನ್ನಡದಲ್ಲಿ ಹೆಸರಿಡಲು ಹೋದರೆ ಒಂದು ಕಡೆ ಸಾವು, ಇನ್ನೊಂದು ಕಡೆ ಪ್ರಳಯ. ಅಂದಿನಿಂದ ನಾನು ಪೇಸ್‌ಮೇಕರ್ ಅನ್ನುವುದನ್ನು ಪೇಸ್‌ಮೇಕರ್ ಎಂದೇ ಅನ್ನುತ್ತೇನೆ.

ಚಿಕ್ಕಮ್ಮನ ಕಿವಿಯನ್ನು ಪೂರ್ತಿ ದೂರುವಂತೆಯೂ ಇಲ್ಲ. ಅಮೆರಿಕದಲ್ಲಿ 1873ರಲ್ಲಿ ಬಂದ ಕೋಲ್ಟ್ ರಿವಾಲ್ವರಿಗೆ 'ಪೀಸ್‌ಮೇಕರ್' ಎಂಬ ಅಡ್ಡಹೆಸರೇ ಬಿದ್ದುಹೋಯಿತು. ಶಾಂತಿದೂತ! ಎದುರಿಗಿದ್ದವನನ್ನು ಪೀಸ್ ಪೀಸ್ ಮಾಡಿ ಶಾಂತಿ ಸ್ಥಾಪಿಸುವುದು. ಎರಡೂ ಪೀಸನ್ನು ಒಂದೇ ಕುದುರೆ ಒತ್ತಿ ಮುಗಿಸಿದ ಆ ಹೆಸರಿಟ್ಟವನ ಮುಂದೆ ನಮ್ಮ ಚಿಕ್ಕಮ್ಮ ಏನೂ ಅಲ್ಲ.

ಮಾವನವರ ತೊಂದರೆ ಏನೆಂದರೆ, ಕಚೇರಿಯ ಭಾಷೆಯಲ್ಲಿ, ಮೇಲಿನಿಂದ ಹೊರಟ ಆದೇಶ ಕೆಳಗೆ ತಲುಪುತ್ತಿರಲಿಲ್ಲ. ಹೃದಯದ ಬಲ ಮೇಲ್ಕೋಣೆಯ ತುದಿಯಲ್ಲಿ ಚಿಕ್ಕದೊಂದು ಜೀವಕೋಶಗಳ ಗುಂಪಿದೆ. ಹುಟ್ಟಿನಿಂದಲೇ ಬಂದ ಪೇಸ್‌ಮೇಕರ್ ಅದು. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬಿಬ್ಬರು 1907ರಲ್ಲಿ ಅದನ್ನು ಗುರುತಿಸಿದರು. ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಸಲ "ಹೂಂ, ಬಡೀರಿ" ಎಂದು ಅಲ್ಲಿಂದ ವಿದ್ಯುತ್ ಆದೇಶ ಹೊರಡುತ್ತದೆ. ನಡುವಿನ ಗುಮಾಸ್ತ ಕಡತ ತಡೆಹಿಡಿದರೆ ಕೆಳಗಿನ ಕೋಣೆಗಳು ಎಷ್ಟು ಹೊತ್ತು ಕಾದಾವು? ಕೊನೆಗೆ ತಾವೇ ಯಜಮಾನಿಕೆ ವಹಿಸಿಕೊಂಡು ನಿಮಿಷಕ್ಕೆ 20ರಿಂದ 40ರ ಲೆಕ್ಕದಲ್ಲಿ ಬಡಿಯುತ್ತವೆ. ಕೆಲಸ ನಡೆಯುತ್ತದೆ, ಆದರೆ ನಡೆಯುವ ರೀತಿ ನಿಮಗೆ ಗೊತ್ತೇ ಇದೆ. ಮಾವನವರದು 38ಕ್ಕೆ ಇಳಿದಿತ್ತು. ಮಾತಿನ ನಡುವೆ ಅವರು ಕಣ್ಣು ಮುಚ್ಚುತ್ತಿದ್ದರು. ನನ್ನ ಮಾತು ಕೇಳಿ ಬೇಸರವಾಗಿ ಮುಚ್ಚುತ್ತಾರೆ ಎಂದು ಎರಡು ತಿಂಗಳು ತಪ್ಪು ತಿಳಿದಿದ್ದೆ. ಈಗ ಯಂತ್ರ ಬಂದ ಮೇಲೂ ಮುಚ್ಚುತ್ತಾರೆ. ತಪ್ಪು ತಿಳಿದಿರಲಿಲ್ಲ ಅಂತಾಯಿತು.

ಆಪರೇಷನ್ ಎಂದು ನಾವೆಲ್ಲ ನಡುಗಿದ್ದಷ್ಟೇ ಬಂತು. ಎಡ ಕೊರಳೆಲುಬಿನ ಕೆಳಗೆ ಚರ್ಮದಡಿ ಒಂದು ಜೇಬು ಮಾಡಿ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಡಬ್ಬಿಯೊಂದನ್ನು ಇಟ್ಟು, ರಕ್ತನಾಳದ ದಾರಿಯಲ್ಲಿ ತಂತಿ ಇಳಿಬಿಟ್ಟರು. ಮನೆಗೆ ಕಳಿಸುವಾಗ ಹೇಳಿದ್ದು ಎರಡೇ ಮಾತು. ಮೊಬೈಲನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರ ಇಡಿ, ಅಂದರೆ ಮುಕ್ಕಾಲು ಗೇಣು. ತಂತಿ ಚೆನ್ನಾಗಿ ಕೂರುವವರೆಗೆ, ಕೆಲವು ವಾರ, ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ. ಎರಡನೆಯದನ್ನು ಮಾವ ಶಾಸನದಂತೆ ಪಾಲಿಸಿದರು. ಎಡಗೈ ಎತ್ತಬಾರದೆಂದರೆ ಬಲಗೈಯೂ ಎತ್ತಲಿಲ್ಲ. ಅಟ್ಟದ ಮೇಲಿನ ಟ್ರಂಕು, ಬೀರು ಮೇಲಿನ ಸೂಟ್‌ಕೇಸು, ಫ್ಯಾನಿನ ಧೂಳು, ಎಲ್ಲಕ್ಕೂ "ಅಳಿಯಂದಿರೇ!" ಯಂತ್ರ ಅವರ ಎದೆಗೆ, ಬಡಿತ ನನಗೆ.

ಚೇತರಿಸಿಕೊಂಡ ಮೇಲೆ ಅವರು ಪೇಸ್‌ಮೇಕರ್ ಪಂಡಿತರಾದರು. ಸ್ವೀಡನ್ನಿನ ಆರ್ನೆ ಲಾರ್ಸನ್ ಈಗ ನಮ್ಮ ಮನೆಯ ಹಿರಿಯರ ಲೆಕ್ಕ. ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲಿಗ ಆತ. 1958ರ ಅಕ್ಟೋಬರ್ 8ರಂದು ಇಟ್ಟ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಇನ್ನೊಂದು ಹಾಕಿದರು. ಹಾಗೆ ಹಾಕಿಸುತ್ತ ಹಾಕಿಸುತ್ತ ಒಟ್ಟು 26 ಯಂತ್ರ ಸವೆಸಿ, ಅದನ್ನು ಮಾಡಿಕೊಟ್ಟ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್‌ನನ್ನೂ, ಎದೆ ಕೊಯ್ದು ಇಟ್ಟ ಡಾಕ್ಟರ್ ಓಕೆ ಸೆನ್ನಿಂಗ್‌ನನ್ನೂ ಕಳಿಸಿಕೊಟ್ಟು, 2001ರಲ್ಲಿ, 86ನೇ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧವೇ ಇಲ್ಲದ ಕ್ಯಾನ್ಸರಿನಿಂದ ತೀರಿಕೊಂಡ. ಆ ಮೊದಲ ಯಂತ್ರವನ್ನು ಎರಕ ಹೊಯ್ದದ್ದು ಶೂ ಪಾಲಿಶ್ ಡಬ್ಬಿಯಲ್ಲಿ. ಇದನ್ನು ಓದಿದ ದಿನದಿಂದ ಮಾವ ನಮ್ಮನೆ ಪಾಲಿಶ್ ಡಬ್ಬಿಯನ್ನು ಬಿಸಾಡಲು ಬಿಟ್ಟಿಲ್ಲ.

ಇದಾದರೂ ಸಹಿಸಬಹುದು. ನನಗೆ ಉರಿ ಹತ್ತಿಸುವವನು ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್. ಆತ ಎದೆಬಡಿತವನ್ನು ದಾಖಲಿಸುವ ಉಪಕರಣ ಜೋಡಿಸುತ್ತಿದ್ದ. ಹತ್ತು ಸಾವಿರ ಓಮಿನ ರೆಸಿಸ್ಟರ್ ಹಾಕಬೇಕಾದಲ್ಲಿ ಕೈತಪ್ಪಿ ಹತ್ತು ಲಕ್ಷ ಓಮಿನದನ್ನು ಬೆಸೆದ. ಬಡಿತ ಕೇಳಿಸಿಕೊಳ್ಳಬೇಕಿದ್ದ ಉಪಕರಣ ತಾನೇ ಸೆಕೆಂಡಿಗೊಮ್ಮೆ ಮಿಡಿಯತೊಡಗಿತು. ಮಾವ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ, ಕೊನೆಗೆ ನನ್ನತ್ತ ಗೋಣು ಆಡಿಸಿ, "ಅವನು ತಪ್ಪು ರೆಸಿಸ್ಟರ್ ಹಾಕಿದ, ಜನ ಬದುಕಿದರು. ನಮ್ಮ ಅಳಿಯಂದಿರು ತಪ್ಪು ವೈರ್ ಹಾಕಿದರು, ಇಸ್ತ್ರಿಪೆಟ್ಟಿಗೆ ಸತ್ತಿತು" ಎನ್ನುತ್ತಾರೆ. ಇಸ್ತ್ರಿಪೆಟ್ಟಿಗೆ ಮೊದಲೇ ಹಾಸಿಗೆ ಹಿಡಿದಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ.

ತಪಾಸಣೆಗೆ ಕರೆದೊಯ್ಯುವುದೂ ನಾನೇ. ಅಲ್ಲಿ ಅಂಗಿಯ ಮೇಲೆ ಬಿಲ್ಲೆಯಂಥದ್ದೊಂದನ್ನು ಇಟ್ಟರೆ ಎದೆಯೊಳಗಿನ ಸಮಾಚಾರ ಎಲ್ಲ ತೆರೆಯ ಮೇಲೆ ಬರುತ್ತದೆ. "ಈಗ ಸ್ವಲ್ಪ ಜೋರಾಗಿ ಬಡಿಯುತ್ತೆ ಸಾರ್, ಗಾಬರಿ ಆಗ್ಬೇಡಿ" ಎಂದು ಆ ಹುಡುಗಿ ಗುಂಡಿ ಒತ್ತಿದಳು. ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದ ಮಾವನವರ ನಾಡಿ 90ಕ್ಕೆ ಹೋಗಿ ಇಳಿಯಿತು. ನನ್ನದು ಅದಕ್ಕೂ ಮೇಲೆ ಹೋಗಿ ಅಲ್ಲೇ ನಿಂತಿತು. "ಬ್ಯಾಟರಿ ಇನ್ನೂ 9 ವರ್ಷ ಬರುತ್ತೆ" ಎಂದಳು. ಮಾವ ನನ್ನ ಕೈಯಲ್ಲಿದ್ದ ಮೊಬೈಲನ್ನು ಒಮ್ಮೆ ನೋಡಿದರು. "ನಿಮ್ಮದು ಸಂಜೆವರೆಗೆ ಬರುತ್ತಾ?"

ಅವರ ಯಂತ್ರದಲ್ಲಿ ಮೈಯ ಅಲುಗಾಟವನ್ನು ಗ್ರಹಿಸುವ ಸೂಕ್ಷ್ಮವೊಂದಿದೆ. ನಡೆದರೆ, ಮೆಟ್ಟಿಲು ಹತ್ತಿದರೆ ಬಡಿತ ತಾನಾಗಿ ಏರುತ್ತದೆ. ಇದರಲ್ಲೊಂದು ತಮಾಷೆಯಿದೆ. ಎದೆ ಅಲ್ಲಾಡದ ಹಾಗೆ ನಿಂತ ಸೈಕಲ್ಲನ್ನು ಬೆವರಿಳಿಯುವ ತನಕ ತುಳಿದರೂ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಕಾರಿನೊಳಗೆ ಕುಲುಕಾಡುತ್ತ ಕೂತರೆ, ಯಜಮಾನರು ಓಡುತ್ತಿದ್ದಾರೆಂದು ತಿಳಿದು ಬಡಿತ ಏರಿಸುತ್ತದೆ. ಹಾಗಾಗಿ ನಾನು ಗುಂಡಿ ತಪ್ಪಿಸಿದರೆ ಮಾವನಿಗೆ ಅಸಮಾಧಾನ. "ಸ್ವಲ್ಪ ವ್ಯಾಯಾಮ ಆಗಲಿ ಬಿಡಿ" ಎನ್ನುತ್ತಾರೆ.

ಪೇಸ್‌ಮೇಕರ್ ಇರುವುದು ಎದೆಯೊಂದರಲ್ಲೇ ಎಂದುಕೊಳ್ಳಬೇಡಿ. ಹೊಟ್ಟೆಯಲ್ಲೂ ಇದೆ. ಜಠರದ ಗೋಡೆಯ ಕೆಲವು ಕೋಶಗಳು ನಿಮಿಷಕ್ಕೆ ಸುಮಾರು ಮೂರು ಸಲ ತಾಳ ಹಾಕುತ್ತಿರುತ್ತವೆ. ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿ, ಸುಮಾರು 20,000 ನರಕೋಶಗಳ ಇನ್ನೊಂದು ಗುಂಪು ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ನನ್ನಲ್ಲಿ ಹೊಟ್ಟೆಯದು ಬಲು ನಿಷ್ಠಾವಂತ. ಮಿದುಳಿನದು ಬೆಳಗಿನ ಪಾಳಿಗೆ ಒಂದು ದಿನವೂ ಸರಿಯಾಗಿ ಬಂದದ್ದಿಲ್ಲ.

ಇಂಥ ನನ್ನನ್ನು ಓಟದ ಗುಂಪಿನವರು ಒಂದು ದಿನ ಪೇಸ್‌ಮೇಕರ್ ಆಗಿ ಎಂದರು. ದೂರದ ಓಟಗಳಲ್ಲಿ ಇಂತಿಷ್ಟೇ ಹೊತ್ತಿಗೆ ಮುಗಿಸುವವರಿಗೆ ವೇಗ ಹಿಡಿದುಕೊಡಲು ಮುಂದೊಬ್ಬನು ಬೆನ್ನಿಗೆ ಬಾವುಟ ಕಟ್ಟಿಕೊಂಡು ಓಡುತ್ತಾನೆ. ಅವನೇ ಪೇಸ್‌ಮೇಕರ್. "ನಾನಾ? ಯಾಕೆ?" ಎಂದೆ. "ನೀವು ಯಾವತ್ತೂ ವೇಗ ಹೆಚ್ಚಿಸೋದೇ ಇಲ್ಲವಲ್ಲ ಸಾರ್" ಎಂದರು. ಹೊಗಳಿಕೆಯೋ ಏನೋ ಎಂದು ಯೋಚಿಸುವಷ್ಟರಲ್ಲಿ ಒಪ್ಪಿಕೊಂಡಾಗಿತ್ತು.

ಮಾವನ ಹಾಗೆ ನಾನೂ ಪಂಡಿತನಾದೆ. ಆಕ್ಸ್‌ಫರ್ಡಿನಲ್ಲಿ 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ ಒಂದು ಮೈಲನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗಡಿ ಮುರಿದ ಮೊದಲಿಗನಾದದ್ದು ಎಲ್ಲರಿಗೂ ಗೊತ್ತು. ಮೊದಲ ಎರಡು ಸುತ್ತು ಮುಂದೆ ಓಡಿಕೊಟ್ಟವನು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ. ಮೊದಲ ಸುತ್ತಿನಲ್ಲೇ ಬ್ಯಾನಿಸ್ಟರ್ ಹಿಂದಿನಿಂದ "ಇನ್ನೂ ಜೋರು!" ಎಂದು ಕೂಗಿದ. ಬ್ರಾಷರ್ ಕೇಳಿಸಿಕೊಳ್ಳದೆ ತನ್ನ ಲೆಕ್ಕದಲ್ಲೇ ಓಡಿದ. ಅವನ ಲೆಕ್ಕವೇ ಸರಿಯಿತ್ತು. ಇನ್ನೊಬ್ಬ ಪಾಲ್ ಪಿಲ್ಕಿಂಗ್ಟನ್. ಲಾಸ್ ಏಂಜಲೀಸ್ ಮ್ಯಾರಥಾನಿಗೆ 1994ರಲ್ಲಿ ಇವನನ್ನು ಕೂಲಿಗೆ ಕರೆದಿದ್ದೇ ಅರ್ಧದಾರಿ ಓಡಿ ಪಕ್ಕಕ್ಕೆ ಸರಿಯಲೆಂದು. ಹಿಂದಿನವರು ಯಾರೂ ಹತ್ತಿರ ಬರಲಿಲ್ಲ, ಇವನು ಸರಿಯಲಿಲ್ಲ, ಕೊನೆಗೆ ಗೆದ್ದೇಬಿಟ್ಟ. ಎರಡನೆಯವನು ತಾನೇ ಗೆದ್ದೆನೆಂದುಕೊಂಡಿದ್ದ. ಈ ಕಥೆ ಕೇಳಿದ ಹೆಂಡತಿ, "ಅವನಿಗೆ ಬಹುಮಾನ ಏನು ಸಿಕ್ತು?" ಎಂದಳು. "ಒಂದು ಬೆಂಜ್ ಕಾರು." "ನೀವು ಮಾತ್ರ ಅರ್ಧಕ್ಕೇ ಬರೋದು" ಎಂದಳು. ಆಡಿದ ಬಾಯಿ.

ಮನೆಮಂದಿಯ ಗುಂಪಿನಲ್ಲಿ ಒಂದು ಸಂದೇಶ ಹಾಕಿ ಮಲಗಿದೆ: "ಭಾನುವಾರ ಬೆಳಿಗ್ಗೆ ನನಗೆ ಪೇಸ್‌ಮೇಕರ್. ಎಲ್ಲರ ಹಾರೈಕೆ ಇರಲಿ." ನಿದ್ದೆ ಕೆಡದಿರಲಿ ಎಂದು ಮೊಬೈಲನ್ನು ಆಫ್ ಮಾಡಿದೆ. ಎರಡನೆಯ ತಪ್ಪು.

ಹಾಫ್ ಮ್ಯಾರಥಾನ್, 21.1 ಕಿಲೋಮೀಟರ್, ಎರಡೂವರೆ ಗಂಟೆಯ ಗುಂಪು. ಅಂದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್. ಕಾಗದದ ಮೇಲೆ ಎಂಥ ಸುಲಭದ ಲೆಕ್ಕ! ಆದರೆ ಬೆನ್ನಿಗೆ ಬಾವುಟ ಏರಿದೊಡನೆ ಮನುಷ್ಯನಿಗೆ ಸೇನಾಪತಿಯ ಗತ್ತು ಬಂದುಬಿಡುತ್ತದೆ. ಮೊದಲ ಕಿಲೋಮೀಟರನ್ನು 6 ನಿಮಿಷದಲ್ಲಿ ಮುಗಿಸಿದೆ. ಹಿಂದಿನಿಂದ ಒಬ್ಬರು ಏದುಸಿರಿನಲ್ಲೇ, "ಸಾರ್, ಇದು ಎರಡೂವರೆ ಗಂಟೇದೇನಾ?" ಎಂದರು. ನಾನು ಬ್ರಾಷರನ್ನು ನೆನೆದು ಕೇಳಿಸಿಕೊಳ್ಳಲಿಲ್ಲ. ಬ್ರಾಷರನ ಲೆಕ್ಕ ಸರಿಯಿತ್ತು ಎಂಬ ಭಾಗ ಮರೆತಿತ್ತು. ಆಮೇಲೆ ಕಳೆದ ಸಮಯವನ್ನು ಕೂಡಿಸಲು ನಿಧಾನ ಮಾಡಿದೆ. "ಸಾರ್, ನಡೀತಾ ಇದೀರಲ್ಲ!" ಎಂದರು. ಬಾವುಟ ಗಾಳಿಗೆ ಸಿಕ್ಕಿ ಹಿಂದಿನವರ ಮುಖಕ್ಕೆ ಫಟಾರೆಂದು ಹೊಡೆಯುತ್ತಿತ್ತು. ಅದರ ಪಟ್ಟಿ ನನ್ನ ಎಡ ಕೊರಳೆಲುಬಿನ ಕೆಳಗೆ ಗರಗಸದಂತೆ ಉಜ್ಜುತ್ತಿತ್ತು. ಹದಿನಾಲ್ಕನೆಯ ಕಿಲೋಮೀಟರಿಗೆ ಮೀನಖಂಡ ಕಲ್ಲಿನಂತೆ ಸೆಟೆದು ನಾನು ರಸ್ತೆ ಬದಿಯ ಕಟ್ಟೆ ಹಿಡಿದೆ.

ಹಿಂದೆ ಬರುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬರು ನಿಂತರು. ಅನುಕಂಪದಿಂದ ಏನೋ ಕೇಳುತ್ತಾರೆಂದುಕೊಂಡೆ. ಅವರು ಮಾತಿಲ್ಲದೆ ನನ್ನ ಬೆನ್ನಿನ ಬಕಲ್ ಬಿಚ್ಚಿ, ಬಾವುಟವನ್ನು ತಮಗೆ ಕಟ್ಟಿಕೊಂಡು, ಕೈಗಡಿಯಾರ ನೋಡಿ ಹೊರಟರು. ಇಡೀ ಗುಂಪು ಅವರ ಹಿಂದೆ ಹೋಯಿತು. ಯಂತ್ರ ಕೆಟ್ಟರೆ ಹೀಗೇ ತಾನೆ, ತೆಗೆದು ಇನ್ನೊಂದು ಹಾಕುವುದು. ನಾನು ಕುಂಟುತ್ತ 2 ಗಂಟೆ 52 ನಿಮಿಷಕ್ಕೆ ಗೆರೆ ಮುಟ್ಟಿದಾಗ ಅಲ್ಲಿದ್ದ ಹುಡುಗ, "ನಿಮ್ಮ ಬಾವುಟ ಆಗಲೇ ಬಂತು ಸಾರ್, ಎರಡು ಇಪ್ಪತ್ತೊಂಬತ್ತಕ್ಕೆ" ಎಂದು ಮಾಹಿತಿ ಕೊಟ್ಟ.

ಮನೆಗೆ ಬಂದು ಬನಿಯನ್ನಿನಲ್ಲಿ ಸೋಫಾ ಮೇಲೆ ಬಿದ್ದುಕೊಂಡೆ. ಪಟ್ಟಿ ಉಜ್ಜಿ ಕಿತ್ತುಬಂದಿದ್ದ ಜಾಗಕ್ಕೆ ಹೆಂಡತಿ ಹತ್ತಿ ಇಟ್ಟು ಪ್ಲಾಸ್ಟರ್ ಅಂಟಿಸಿ ಒಳಗೆ ಹೋದಳು. ಎಡ ಕೊರಳೆಲುಬಿನ ಕೆಳಗೆ, ಅಳತೆ ತೆಗೆದಿಟ್ಟ ಹಾಗೆ. ಆಗ ಬಾಗಿಲು ಬಡಿದ ಸದ್ದು. ಮಾವ ಚುರುಕಾಗಿ ಹೋಗಿ ತೆಗೆದರು. ಚಿಕ್ಕಮ್ಮ.

ನನ್ನ ಪ್ಲಾಸ್ಟರ್ ನೋಡಿದರು. ನನ್ನ ಮುಖ ನೋಡಿದರು. ಕೈಯಲ್ಲಿದ್ದ ಮೊಬೈಲು ನೆನಪಾಗಿ ಬೆಚ್ಚಿ, ಓಡಿಹೋಗಿ ಅದನ್ನು ಕಿಟಕಿಯಲ್ಲಿಟ್ಟು ಬಂದರು. ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ, "ಇಷ್ಟು ಚಿಕ್ಕ ವಯಸ್ಸಿಗೇ..." ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ ತಮ್ಮ ಕುರ್ಚಿ ಎಳೆದುಕೊಂಡು ಆರ್ನೆ ಲಾರ್ಸನ್ನಿನಿಂದ ಶುರುಮಾಡಿದ್ದರು. ಅವರ ಕಣ್ಣಿನಲ್ಲಿ ಕಿಡಿಗೇಡಿ ಹೊಳಪಿತ್ತು. ತಪ್ಪು ತಿಳಿವಳಿಕೆಯನ್ನು ತಿದ್ದುವ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಅಟ್ಟದ ಮೇಲಿಂದ ಆ ಟ್ರಂಕ್ ಇಳಿಸ್ಕೊಡಿ ಅಂತ ಎಷ್ಟು ದಿನದಿಂದ ಹೇಳ್ತಿದೀನಿ!"

ನಾನು ಏಳಲು ಎಡಗೈ ಊರಿದೆ.

"ಅಯ್ಯೋ, ಬೇಡ ಕಣೇ!" ಚಿಕ್ಕಮ್ಮ ನನ್ನನ್ನು ಹಿಡಿದು ಕೂರಿಸಿದರು. "ಅವರು ಕೈ ಎತ್ತಬಾರದು. ಕೆಲವು ವಾರ ಎತ್ತಬಾರದು. ಅಲ್ವಾ ಭಾವ?"

ಮಾವ ನನ್ನನ್ನು ನೋಡಿದರು. ನಾನು ಮೆಲ್ಲಗೆ ಬಲಗೈಯನ್ನೂ ಕೆಳಗಿಳಿಸಿದೆ.