ಬಡತನ ಬೇಕಾಗಿದೆ, ಡೊನೇಶನ್ ಎಷ್ಟಾದರೂ ಸರಿ

ಮೇ ತಿಂಗಳು ಬಂತೆಂದರೆ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಗಿಡಗಳಿಗಿಂತ ಫ್ಲೆಕ್ಸ್ ಜಾಸ್ತಿ. ಚಿಗರಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಸಾಕು. ಉಣಕಲ್ಲಿನಿಂದ ಸತ್ತೂರು ದಾಟುವವರೆಗೆ 625ಕ್ಕೆ 620, 621, 623 ಅಂತ ಮಕ್ಕಳ ಮುಖಗಳು ಓಡುತ್ತಲೇ ಇರುತ್ತವೆ. ಮಗುವಿನ ಫೋಟೊ ಅಂಚೆ ಚೀಟಿಯಷ್ಟು, ಸಂಸ್ಥೆಯ ಅಧ್ಯಕ್ಷರದು ಆಳೆತ್ತರ. ಪರೀಕ್ಷೆ ಬರೆದವರು ಯಾರು ಅಂತ ಅನುಮಾನ ಬರಬೇಕು, ಹಾಗೆ.

ಮಳೆಗೆ ಫ್ಲೆಕ್ಸ್ ಹರಿಯುವ ಹೊತ್ತಿಗೆ ಪ್ರತಿಭಾ ಪುರಸ್ಕಾರದ ಸೀಸನ್ ಶುರು. ಈ ಸೀಸನ್ನಿಗೆ ಒಬ್ಬ ಬಡ ವಿದ್ಯಾರ್ಥಿ ಬೇಕೇ ಬೇಕು. ಒಬ್ಬರೇ ಸಾಕು, ಇಬ್ಬರು ಬಂದರೆ ಭಾಷಣ ಎತ್ತ ಹೋಗಬೇಕೆಂದು ತಿಳಿಯದೆ ತಡವರಿಸುತ್ತದೆ. ಹಮಾಲರ ಮಗಳಾದರೆ ಉತ್ತಮ. ಚಹಾದಂಗಡಿಯವನ ಮಗನಾದರೂ ನಡೆಯುತ್ತದೆ. ಆಟೊ ಡ್ರೈವರ್ ಮಕ್ಕಳು ಈಗ ಹಳತಾದರು, ಪತ್ರಿಕೆಯವರು ಒಳಪುಟಕ್ಕೆ ಹಾಕುತ್ತಾರೆ.

ಮೊನ್ನೆ ಅಂಥದ್ದೊಂದು ಸಮಾರಂಭಕ್ಕೆ ಹೋಗಿದ್ದೆ. ಕಾರ್ಯಕ್ರಮ ಹತ್ತಕ್ಕೆ, ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರೆಗೆ. ಅಷ್ಟರಲ್ಲಿ ಹುಡುಗಿಯ ಅವ್ವನ ಅರ್ಧ ದಿನದ ಪಗಾರ ಹೋಗಿತ್ತು. ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಹಮಾಲ. ಪೂರಾ ದಿನದ್ದು ಹೋಗಬಾರದೆಂದು ಬಂದಿರಲೇ ಇಲ್ಲ. ನಿರೂಪಕರು "ತಂದೆಯೂ ವೇದಿಕೆಗೆ ಬರಬೇಕು" ಅಂತ ಮೂರು ಸಲ ಕರೆದರು. ಅವರು ಅಲ್ಲಿ ಯಾರದೋ ಮೂಟೆ ಹೊರುತ್ತಿದ್ದರು.

ಮುಖ್ಯ ಅತಿಥಿ ಮೈಕು ಹಿಡಿದರು. "ಬಡತನ ಶಾಪ ಅಲ್ಲ, ಅದು ವರ! ಈ ಮಗಳಿಗೆ ಟ್ಯೂಶನ್ ಇರಲಿಲ್ಲ. ಎ.ಸಿ. ಇರಲಿಲ್ಲ. ಓದಾಕ ಸ್ವಂತ ಖೋಲಿ ಇರಲಿಲ್ಲ. ಆದ್ರೂ ಸಾಧಿಸಿದ್ಲು. ನಮ್ಮ ಮಕ್ಕಳಿಗೆ ಎಲ್ಲಾ ಕೊಟ್ಟೀವಿ ನೋಡ್ರಿ, ಅದಕ್ಕ ಕೆಟ್ಟಾವು!" ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ತಂದೆ-ತಾಯಂದಿರು ತಮ್ಮ ಕೆಟ್ಟ ಮಕ್ಕಳ ಕಡೆ ತಿರುಗಿ ನೋಡಿದರು. ಮಕ್ಕಳು ಫೋನ್ ನೋಡುತ್ತಿದ್ದವು. ಆಮೇಲೆ ಬೀದಿ ದೀಪ ಬಂತು. ಈ ಭಾಷಣಗಳಲ್ಲಿ ಅದು ಬರದೆ ಇರುವುದಿಲ್ಲ, ಮಹನೀಯರೆಲ್ಲ ಅದರ ಕೆಳಗೇ ಓದಿದವರು. ನಮ್ಮ ಓಣಿಯ ಬೀದಿ ದೀಪ ಉರಿಯುವುದು ಹಗಲು ಹೊತ್ತಿನಲ್ಲಿ. ಅದರ ಕೆಳಗೆ ಓದಿ ಮಹನೀಯರಾಗಬೇಕೆಂದರೆ ಮಕ್ಕಳು ಶಾಲೆಗೆ ಚಕ್ಕರ್ ಹೊಡೆಯಬೇಕು.

ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ದೊಡ್ಡ ಬಹುಮಾನ. ಸ್ಟಡಿ ಟೇಬಲ್! ಸಾಗವಾನಿ ಬಣ್ಣದ್ದು, ಎರಡು ಡ್ರಾವರ್, ಪುಸ್ತಕಕ್ಕೆ ಕಪಾಟು. ದಾನಿಗಳ ಹೆಸರಿನ ಸ್ಟಿಕ್ಕರ್ ಮೂರು ಕಡೆ. ಫೋಟೊ ಮುಗಿದ ಮೇಲೆ ಟೇಬಲ್ಲು ಟಂಟಂ ಏರಿ ಹಳೇ ಹುಬ್ಬಳ್ಳಿಗೆ ಹೋಯಿತು. ಟಂಟಂ ಬಾಡಿಗೆ ಅವ್ವನೇ ಕೊಟ್ಟಳು. ಮನೆ ಇರುವುದು ಒಂದೇ ಖೋಲಿ. ಬಾಗಿಲಲ್ಲಿ ಟೇಬಲ್ ಹಿಡಿಯಲಿಲ್ಲ, ಕಾಲು ಬಿಚ್ಚಿ ಒಳಗೆ ಹಾಕಿದರು. ಈಗ ಅದರ ಮೇಲೆ ಗ್ಯಾಸ್ ಒಲೆ, ಜೋಳದ ಹಿಟ್ಟಿನ ಡಬ್ಬಿ. ಕೆಳಗೆ ತಮ್ಮ ಮಲಗುತ್ತಾನೆ. ಡ್ರಾವರಿನಲ್ಲಿ ಉಳ್ಳಾಗಡ್ಡಿ. ಹುಡುಗಿ ಮೊದಲಿನಂತೆ ಹೊಸ್ತಿಲ ಮೇಲೆ ಕೂತು ಓದುತ್ತಾಳೆ. ಮೊದಲು ಖೋಲಿಯ ಮೂಲೆಯಲ್ಲೂ ಕೂರಬಹುದಿತ್ತು, ಈಗ ಅಲ್ಲಿ ಟೇಬಲ್ ಇದೆ.

ಅದೇ ಸಾಲಿನಲ್ಲಿ ನಾಲ್ಕು ಮನೆ ಆಚೆ ಒಬ್ಬ ಹುಡುಗ ಇದ್ದಾನೆ. ಅದೇ ಶಾಲೆ, ಅದೇ ವರ್ಷ. ಗಣಿತದಲ್ಲಿ ಫೇಲಾಗಿ ಗ್ಯಾರೇಜ್ ಸೇರಿದ. ಅವನದೂ ಅಪ್ಪಟ ಬಡತನವೇ, ಕಲಬೆರಕೆ ಏನಿಲ್ಲ. ಅವನಿಗೆ ಈ ವರ ಯಾಕೆ ಫಲಿಸಲಿಲ್ಲ ಅಂತ ಅತಿಥಿಗಳನ್ನು ಕೇಳೋಣ ಅಂದುಕೊಂಡೆ. ಅವರು ಗಿರ್ಮಿಟ್ ತಿನ್ನುತ್ತಿದ್ದರು, ಬಿಟ್ಟೆ.

ಅವರನ್ನೇ ಯಾಕೆ ಅನ್ನಬೇಕು. ಅಮೆರಿಕದವರೂ ಇದರಲ್ಲಿ ತಲೆ ಕೆಡಿಸಿಕೊಂಡವರೇ. 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞ ಅಲ್ಲಿನ ಸರ್ಕಾರಕ್ಕೆ ಒಂದು ದಪ್ಪ ವರದಿ ಕೊಟ್ಟರು. ಲಕ್ಷಗಟ್ಟಲೆ ಮಕ್ಕಳನ್ನು ಪರೀಕ್ಷೆ ಮಾಡಿ ನೋಡಿದರೆ, ಶಾಲೆಯ ಕಟ್ಟಡ, ಪ್ರಯೋಗಾಲಯಗಳಿಗಿಂತ ಮಗು ಎಂಥ ಮನೆಯಿಂದ ಬಂದಿದೆ ಎಂಬುದೇ ಅಂಕಗಳಲ್ಲಿ ಜಾಸ್ತಿ ಕಾಣುತ್ತಿತ್ತಂತೆ. ಆ ವರದಿಯ ಬಗ್ಗೆ ಪಂಡಿತರು ಆಮೇಲೆ ಬೇಕಾದಷ್ಟು ಜಗಳವಾಡಿದರು. ನಮ್ಮ ದೊಡ್ಡ ಶಾಲೆಗಳು ಜಗಳ ಆಡಲಿಲ್ಲ. ಸುಮ್ನೆ ಅಳವಡಿಸಿಕೊಂಡವು. ಎಲ್‌ಕೆಜಿ ಸೀಟು ಕೇಳಲು ಹೋದರೆ ಮಗುವಿಗೆ ಚಾಕೊಲೇಟು, ಪರೀಕ್ಷೆ ಅಪ್ಪ-ಅಮ್ಮನಿಗೆ. ಅಪ್ಪ ಏನು ಓದಿದ್ದಾರೆ? ಅಮ್ಮನಿಗೆ ಇಂಗ್ಲಿಷ್ ಬರುತ್ತಾ? ಮನೆ ಸ್ವಂತದ್ದಾ? ಇಷ್ಟೆಲ್ಲ ಪಾಸಾದ ಮನೆಗಳಿಂದ ಮಕ್ಕಳನ್ನು ಆರಿಸಿಕೊಂಡು, ಹತ್ತು ವರ್ಷ ಬಿಟ್ಟು "ನಮ್ಮ ಶಾಲೆಗೆ ನೂರಕ್ಕೆ ನೂರು" ಅಂತ ಫ್ಲೆಕ್ಸ್ ಹಾಕುತ್ತಾರೆ. ನೂರಕ್ಕೆ ನೂರು ಬಂದದ್ದು ಯಾವಾಗ? ಎಲ್‌ಕೆಜಿ ಬಾಗಿಲಲ್ಲೇ.

ಕಾನೂನು ಇಲ್ಲವೇ ಅಂದಿರಾ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲೀ ಪಾಲಕರನ್ನಾಗಲೀ ಹೀಗೆ ಸೋಸುವಂತಿಲ್ಲ. ಸೋಸಿದರೆ ಮೊದಲ ಸಲ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಅದಕ್ಕೇ ಈಗ ಸಂದರ್ಶನ ಅನ್ನುವುದಿಲ್ಲ, "ಪರಿಚಯ" ಅನ್ನುತ್ತಾರೆ. ಡೊನೇಶನ್ನಿಗೂ ಒಂದು ಪರಿಚಯದ ಹೆಸರಿದೆ, "ಬಿಲ್ಡಿಂಗ್ ಫಂಡ್". ಎಷ್ಟು ವರ್ಷ ಆದರೂ ಬಿಲ್ಡಿಂಗ್ ಮುಗಿಯುವುದಿಲ್ಲ.

ಅದೇ ಕಾಯ್ದೆಯಲ್ಲಿ ಖಾಸಗಿ ಶಾಲೆಯ ಶೇ. 25 ಸೀಟು ಬಡ ಮಕ್ಕಳಿಗೆ ಅಂತ ಇತ್ತಲ್ಲ, ಅದಕ್ಕೆ 2019ರಲ್ಲಿ ನಮ್ಮ ರಾಜ್ಯ ಒಂದು ಉಪಾಯ ಹುಡುಕಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಸರ್ಕಾರಿ ಶಾಲೆ ಇಲ್ಲದ ಓಣಿ ಹುಡುಕುವುದು ಕಷ್ಟ. ಹಿಂದಿನವರು ಓಣಿಗೊಂದು ಶಾಲೆ ಕಟ್ಟಿದ್ದು ಹೀಗೆ ಬಡವರ ಮಕ್ಕಳಿಗೇ ಮುಳುವಾಗುತ್ತದೆ ಅಂತ ಯಾರು ಕಂಡಿದ್ದರು?

ಸರ್ಕಾರ ಮಕ್ಕಳ ಕಡೆ ನೋಡುವುದಿಲ್ಲ ಅನ್ನುವುದು ಮಾತ್ರ ಸುಳ್ಳು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಹಾಕಿ, ವೆಬ್‌ಕಾಸ್ಟಿಂಗ್ ಮಾಡಿ, ಕಣ್ಣು ಮಿಟುಕಿಸದೆ ನೋಡಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಪರೀಕ್ಷೆಯ ಮೂರು ತಾಸು ಯಾರು ಕಾಪಿ ಹೊಡೆದರು ಅಂತ ಕ್ಯಾಮೆರಾ ಹೇಳುತ್ತದೆ. ಅದಕ್ಕಿಂತ ಹಿಂದಿನ ಹತ್ತು ವರ್ಷ ಗಣಿತ ಯಾರು ಕಲಿಸಿದರು, ಕಲಿಸಲಿಲ್ಲ ಅನ್ನುವುದಕ್ಕೆ ಕ್ಯಾಮೆರಾ ಇಲ್ಲ.

ಇರಲಿ. ಬಡತನ ವರ ಅಂತ ಇಷ್ಟು ಜನ ದೊಡ್ಡವರು ಮೈಕು ಹಿಡಿದು ಹೇಳುವಾಗ ಅದು ಸುಳ್ಳಿರಲಿಕ್ಕಿಲ್ಲ. ಹಾಗಿದ್ದರೆ ಅದು ಎಲ್ಲರಿಗೂ ಸಿಗಬೇಕಲ್ವಾ? ಬಡವರೇ ಅಷ್ಟನ್ನೂ ಇಟ್ಟುಕೊಂಡರೆ ಹೇಗೆ? ಅದಕ್ಕೇ ನಾನು ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಚಿಂಗ್ ಕ್ಲಾಸ್ ತೆರೆಯಬೇಕೆಂದು ಮಾಡಿದ್ದೇನೆ. ಪಿಎಸ್‌ಐ, ಕೆಎಎಸ್ ಕೋಚಿಂಗುಗಳ ನಡುವೆ ಒಂದು ಬೋರ್ಡು ಜಾಸ್ತಿ ಆದರೆ ವಿದ್ಯಾಕಾಶಿಗೇನೂ ಭಾರ ಆಗುವುದಿಲ್ಲ. ಹೆಸರು "ಬಡತನ ಅಕಾಡೆಮಿ". ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಪ್ರವೇಶ.

ನಸುಕಿನ ನಾಲ್ಕಕ್ಕೆ ಮೊದಲ ಪಾಠ, ನಳದ ನೀರು. ಸರಿಯಾಗಿ ಪರೀಕ್ಷೆಯ ದಿನವೇ ನಳ ಬರುವಂತೆ ನೋಡಿಕೊಳ್ಳುತ್ತೇವೆ. ಹನ್ನೆರಡು ಕೊಡ ತುಂಬಿಟ್ಟು ಹಾಲ್ ಟಿಕೆಟ್ ಹುಡುಕಬೇಕು. ಸಂಜೆ ಒಂದೇ ಖೋಲಿಯಲ್ಲಿ ಆರು ಜನ, ಟಿವಿಯಲ್ಲಿ ಧಾರಾವಾಹಿ, ಸೊಂಟದ ಮೇಲೆ ಅಳುವ ತಂಗಿ. ಆ ಸ್ಥಿತಿಯಲ್ಲಿ ಪೈಥಾಗೊರಸನ ಪ್ರಮೇಯ ಸಾಧಿಸಬೇಕು. ಶಾಲೆಯ ಪ್ರಾಜೆಕ್ಟಿಗೆ ಅಂಗಡಿಯ ರೆಡಿಮೇಡ್ ಜ್ವಾಲಾಮುಖಿ ತರುವಂತಿಲ್ಲ, ಅಪ್ಪನ ಲ್ಯಾಪ್‌ಟಾಪ್ ಮುಟ್ಟುವಂತಿಲ್ಲ. ಒಳಗಿನ ಅಂಕ ಎಷ್ಟು ಬರುತ್ತದೋ ಅಷ್ಟೇ. ಪರೀಕ್ಷೆಗೆ ಮುಂಚೆ ಬ್ಯಾಡಗಿಯಲ್ಲಿ ಹದಿನೈದು ದಿನ ಮೆಣಸಿನಕಾಯಿ ತೊಟ್ಟು ಬಿಡಿಸುವ ತರಬೇತಿ ಇದೆ. ಮಾರ್ಚ್ ಅಂದರೆ ಅಲ್ಲಿ ಮಾರುಕಟ್ಟೆಯ ಭರಾಟೆ, ಇಲ್ಲಿ ಎಸ್ಸೆಸ್ಸೆಲ್ಸಿ. ಸೀನುತ್ತಲೇ ರಿವಿಜನ್ ಮಾಡಬಹುದು. ಆ ಕೈಯಲ್ಲಿ ಕಣ್ಣು ಮಾತ್ರ ಒರೆಸಿಕೊಳ್ಳಬಾರದು, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಗೋವಾ ಪ್ಯಾಕೇಜ್ ಕೂಡ ಇದೆ. ಗೋವಾ ಎಂದ ಕೂಡಲೇ ಮಕ್ಕಳು ಕುಣಿದಾಡಿದವು. ಗದಗ ಕಡೆಯ ಹಳ್ಳಿಗಳಿಂದ ಅಪ್ಪ-ಅವ್ವ ಕಟ್ಟಡದ ಕೆಲಸಕ್ಕೆ ದುಡಿಯಲು ಹೋದಾಗ ಮಕ್ಕಳೂ ಹೋಗುತ್ತವಲ್ಲ, ಆ ಗೋವಾ ಎಂದೆ. ವರ್ಷದ ನಡುವೆ ಶಾಲೆ ಬಿಡಬೇಕು, ತಿರುಗಿ ಬಂದ ಮೇಲೆ ಹಾಜರಿ ಪುಸ್ತಕದಲ್ಲಿ ಹೆಸರು ಹುಡುಕಬೇಕು. ಬೀಚ್ ಇಲ್ಲ. ಒಂದೂ ಮಗು ಕೈ ಎತ್ತಲಿಲ್ಲ.

ಪಾಲಕರ ಉತ್ಸಾಹ ಮಾತ್ರ ಕೇಳಬೇಡಿ. ವಿದ್ಯಾನಗರದ ಅಕ್ಕಾರೊಬ್ಬರು ಅವತ್ತೇ ಫೋನ್ ಮಾಡಿದರು. "ಸರ, ನಮ್ಮ ಚಿನ್ನುಗ ಲಾಟೀನಿನ ಹೊಗಿ ಆಗಂಗಿಲ್ರಿ. ಎಲ್‌ಇಡಿ ಲಾಟೀನು ಇರತೈತಿ ಹೌದಲ್ರಿ?" ಇನ್ನೊಬ್ಬರಿಗೆ ವೀಕೆಂಡ್ ಬ್ಯಾಚ್ ಬೇಕು. ವಾರವಿಡೀ ಬಡತನ ಆದರೆ ಮಗನ ಬ್ಯಾಡ್ಮಿಂಟನ್ ತಪ್ಪುತ್ತದಂತೆ. ಮತ್ತೊಬ್ಬರು ಬಹಳ ವ್ಯವಹಾರಸ್ಥರು. "ಹಸಿವಿನ ಕ್ಲಾಸಿಗೆ ಡಬ್ಬಿ ಕಳಸಬೇಕೋ, ನೀವ ಊಟಾ ಕೊಡ್ತೀರೋ?" ಫೀ ವರ್ಷಕ್ಕೆ 2 ಲಕ್ಷ 40 ಸಾವಿರ, ಎರಡು ಕಂತು. ಕೋಚಿಂಗ್ ಆದ್ದರಿಂದ ಬಡತನದ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ನಿನ್ನೆ ಆ ಹಮಾಲರೇ ಬಂದಿದ್ದರು. ಟೇಬಲ್ ಕೆಳಗೆ ಮಲಗುವ ಸಣ್ಣ ಮಗನಿಗೆ ಒಂದು ಸೀಟು ಸಿಗಬಹುದೇನೋ ಅಂತ. "ನಿಮಗ್ಯಾಕ್ರಿ ಯಜಮಾನರ, ನಿಮಗ ಇದು ಹುಟ್ಟಿನಿಂದ ಫ್ರೀ ಐತಲ್ಲ" ಎಂದೆ. ಅವರು ತಲೆ ಕೆರೆದುಕೊಂಡು, "ಹಂಗಂದ್ರ ಇಲ್ಲಿ ಕಲಸಾಂವರು ಯಾರ್ರಿ?" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ. ಸಿಬ್ಬಂದಿಯಲ್ಲಿ ಎಲ್ಲರೂ ಪಿಎಚ್‌ಡಿ ಆದವರು, ಬಡತನ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅಲ್ಲೇ ಅವರನ್ನು ಅತಿಥಿ ಉಪನ್ಯಾಸಕರನ್ನಾಗಿ ನೇಮಿಸಿಕೊಂಡೆ. ಪಗಾರ ಯಾವಾಗ ಅಂತ ಕೇಳಿದರು. ಅತಿಥಿ ಉಪನ್ಯಾಸಕರಿಗೆ ಎಲ್ಲ ಕಡೆ ಹೇಳುವುದನ್ನೇ ಹೇಳಿದೆ. ಫೈಲು ಮೇಲೆ ಹೋಗಿದೆ.