ಕಟ್ಟಿದ ಮೂಗಿಗೆ ಇಮ್ಯೂನಿಟಿ ಬೂಸ್ಟರ್ ಬೇಕಂತೆ!

ಸೈನಸ್ ಇದೆ ಅಂತ ಬಾಯಿ ತಪ್ಪಿ ಹೇಳಿ ನೋಡಿ. ಎದುರಿಗಿದ್ದವರು ತಕ್ಷಣ ಡಾಕ್ಟರ್ ಆಗಿಬಿಡುತ್ತಾರೆ. "ನಿಮಗೆ ಇಮ್ಯೂನಿಟಿ ಕಮ್ಮಿ ಕಣ್ರೀ, ಬೂಸ್ಟ್ ಮಾಡ್ಕೊಳ್ಳಿ!" ಡಬ್ಬದ ಮೇಲೆ ಹಸಿರು ಎಲೆ ಬರೆಸಿ ಪುಡಿ ಮಾರುವವರದ್ದೂ ಇದೇ ಮಂತ್ರ. ಯಾವುದನ್ನು ಬೂಸ್ಟ್ ಮಾಡ್ತೀರಿ ಅಂತ ಕೇಳಬಾರದು. ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ 'ಇದು ಯಾವ ಕಾಯಿಲೆಗೂ ಔಷಧಿಯಲ್ಲ' ಅಂತಿದ್ದರೆ, ಡಬ್ಬದ ಮೇಲಿರುವ ಒಂದೇ ಸತ್ಯ ಅದು.

ಈಗ ಮೂಗಿನೊಳಗಿನ ಸಮಾಚಾರ. ಸೈನಸ್ ಊತ 12 ವಾರ ದಾಟಿದರೆ ಅದು ದೀರ್ಘಕಾಲದ್ದು. ಅದರಲ್ಲೂ ಮೂಗಲ್ಲಿ ಪಾಲಿಪ್ ಎಂಬ ಮೆತ್ತನೆ ಗಡ್ಡೆ ಬೆಳೆದವರಲ್ಲಿ ಜಾಸ್ತಿ ಜನರ ಇಮ್ಯೂನಿಟಿ ಸೋತು ಕೂತಿರುವುದಿಲ್ಲ, ಸುಮ್ನಿರೋಕೇ ಬರದೆ ಕುಣಿಯುತ್ತಿರುತ್ತದೆ. ಒಳಪದರಕ್ಕೆ ಧೂಳೋ ವೈರಸ್ಸೋ ತಾಗಿದ್ದೇ ತಡ, ಅಲ್ಲಿನ ಜೀವಕೋಶಗಳು ಟಿಎಸ್‌ಎಲ್‌ಪಿ, ಐಎಲ್-33 ಎಂಬ ಪ್ರೋಟೀನುಗಳನ್ನು ಬಿಟ್ಟು ಬೊಬ್ಬೆ ಹೊಡೆಯುತ್ತವೆ. ಇಂಥ ಸಂದೇಶವಾಹಕಗಳೇ ಸೈಟೊಕೈನ್‌ಗಳು. ಬೊಬ್ಬೆ ಕೇಳಿ ಎದ್ದ ರಕ್ಷಣಾ ಕೋಶಗಳು ತಮ್ಮ ಪಾಲಿನದ್ದನ್ನೂ ಸೇರಿಸುತ್ತವೆ: ಐಎಲ್-4 ಅಲರ್ಜಿಯ ಐಜಿಇ ಎಂಬ ಪ್ರತಿಕಾಯದ ತಯಾರಿಕೆಗೆ ಕುಮ್ಮಕ್ಕು ಕೊಡುತ್ತದೆ, ಐಎಲ್-5 ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಸಾಯಲು ಬಿಡದೆ ಸಾಕುತ್ತದೆ, ಐಎಲ್-13 ಸಿಂಬಳ ಹೆಚ್ಚಿಸುತ್ತದೆ. ಕೊನೆಗೆ ಒಳಪದರ ಊದಿ, ನೀರು ತುಂಬಿ, ಸಿಪ್ಪೆ ಸುಲಿದ ದ್ರಾಕ್ಷಿಯಂಥ ಪಾಲಿಪ್ ಜೋತುಬೀಳುತ್ತದೆ. ವಾಸನೆಯೂ ಹೋಯ್ತು. ಕೊಂಡ ಪುಡಿಗೆ ಮುಗ್ಗಲು ಹಿಡಿದಿದೆಯಾ ಅಂತ ಮೂಸಿ ನೋಡುವ ಹಾಗೂ ಇಲ್ಲ. ಮಾರುವವರಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಎಲ್ಲಿ ಸಿಗ್ತಾನೆ?

(ಕೆಲವರಿಗೆ ನಿಜವಾಗಿ ಇಮ್ಯೂನಿಟಿ ಕೊರತೆ ಇರುತ್ತದೆ. ಅದನ್ನು ರಕ್ತಪರೀಕ್ಷೆ ಹೇಳಬೇಕು, ಪಕ್ಕದ ಸೀಟಿನವರಲ್ಲ.)

ತಮಾಷೆ ಅಂದ್ರೆ, ವೈದ್ಯವಿಜ್ಞಾನ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಾಲಿಪ್ ಇರುವ ಸೈನಸ್ ಕಾಯಿಲೆಗೆ ಡುಪಿಲುಮಾಬ್ ಎಂಬ ಇಂಜೆಕ್ಷನ್ ಒಪ್ಪಿತು. ಅದು ಬೂಸ್ಟ್ ಮಾಡಲ್ಲ, ಐಎಲ್-4 ಮತ್ತು ಐಎಲ್-13 ಹೇಳಿದ್ದು ಕೋಶಕ್ಕೆ ಕೇಳಿಸದ ಹಾಗೆ ತಡೆಯುತ್ತದೆ. ಅಷ್ಟು ದೊಡ್ಡ ಮದ್ದು ಎಲ್ಲರಿಗೂ ಬೇಕಿಲ್ಲ ಬಿಡಿ. ಮೊದಲು ಉಪ್ಪುನೀರಲ್ಲಿ ಮೂಗು ತೊಳೆಯುವುದು, ಸ್ಟೀರಾಯ್ಡ್ ಸ್ಪ್ರೇ, ಇವೇ ಆರಂಭ.

ಆದರೆ ಸ್ಪ್ರೇ ಅಂದ ಕೂಡಲೇ "ಅಯ್ಯೋ ಸ್ಟೀರಾಯ್ಡಾ, ಸೈಡ್ ಎಫೆಕ್ಟ್!" ಅಂತ ಹೌಹಾರುವವರು ಯಾರು ಗೊತ್ತಾ? ಒಳಗೇನಿದೆ ಅಂತ ಒಂದಕ್ಷರವೂ ಬರೆದಿಲ್ಲದ ಪುಡಿಯನ್ನು ಎರಡು ಚಮಚ ಕಲಸಿ ಗಟಗಟ ಕುಡಿಯುವ ಅದೇ ಮಹಾಶಯರು. ಕೊನೆಗೂ ಧೈರ್ಯ ಮಾಡಿ ಸ್ಪ್ರೇ ಹಿಡಿದರೆ, ಹೊಳ್ಳೆಯ ಹೊರಬದಿಯ ಗೋಡೆಗೆ ತಿರುಗಿಸುವ ಬದಲು ನೇರ ಮೂಗಿನ ಮಧ್ಯದ ಗೋಡೆಗೇ ಹೊಡೆದು, ನಾಲ್ಕು ದಿನಕ್ಕೆ "ಇದು ನನ್ನ ಬಾಡಿಗೆ ಆಗಲ್ಲ" ಅಂತ ತೀರ್ಪು ಕೊಟ್ಟು, ಮತ್ತೆ ಹಸಿರೆಲೆ ಡಬ್ಬದ ಮುಚ್ಚಳ ತೆಗೆಯುತ್ತಾರೆ.